ಕೊರಡು ಎಲ್ಲಿಗೆ ಹೋಯಿತು, ಅಜ್ಜ?

ಬೇಸಿಗೆ ರಜೆಗೆ ಬಂದ ಮೊಮ್ಮಗಳಿಗೆ ನಮ್ಮ ಮನೆಯಲ್ಲಿ ಎಲ್ಲಕ್ಕಿಂತ ಪ್ರೀತಿಯ ಜಾಗ ಬಚ್ಚಲುಮನೆ. ಬೆಂಗಳೂರಿನಲ್ಲಿ ನಲ್ಲಿ ತಿರುಗಿಸಿದರೆ ಬಿಸಿನೀರು ಬರುತ್ತದೆ, ಅದರಲ್ಲಿ ನೋಡುವುದಕ್ಕೇನಿದೆ? ಸಿದ್ದಾಪುರ ತಾಲೂಕಿನ ನಮ್ಮ ಹಳ್ಳಿಮನೆಯಲ್ಲಾದರೆ ತಾಮ್ರದ ಹಂಡೆ, ಅದರಡಿ ಒಲೆ, ಒಲೆಯಲ್ಲಿ ಚಟಪಟ ಎನ್ನುವ ಬೆಂಕಿ. ಬೆಳಿಗ್ಗೆ ಎದ್ದವಳೇ ಒಲೆಯೆದುರು ಮಣೆ ಹಾಕಿಕೊಂಡು ಕೂತರೆ ಅವಳ ಅಜ್ಜಿ ಮೂರು ಸಲ ಕರೆದರೂ ತಿಂಡಿಗೆ ಏಳುವುದಿಲ್ಲ.

ಕಳೆದ ಮೇ ತಿಂಗಳ ಒಂದು ಬೆಳಿಗ್ಗೆ ಬೂದಿ ತೋಡುತ್ತಿದ್ದಾಗ ಕೇಳಿದಳು:

"ಅಜ್ಜ, ನಿನ್ನೆ ಅಷ್ಟು ದೊಡ್ಡ ಕೊರಡು ಹಾಕಿದ್ದೆ. ಬೂದಿ ಮಾತ್ರ ಒಂದೇ ಬೊಗಸೆ ಇದೆ. ಉಳಿದ ಕೊರಡು ಎಲ್ಲಿಗೆ ಹೋಯಿತು?"

"ಹೊಗೆಯಾಗಿ ಹೋಯಿತು" ಎಂದೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟವನ ಉತ್ತರ ಅದು! ಅವಳಿಗೆ ಸಮಾಧಾನವಾಗಲಿಲ್ಲ. "ಹೊಗೆಗೆ ತೂಕ ಇರುತ್ತದಾ?" ಎಂದಳು. ಸರಿ, ತೂಗಿಯೇ ನೋಡೋಣ ಎಂದು ಅಡಿಕೆ ತೂಗುವ ತಕ್ಕಡಿ ಇಳಿಸಿದೆವು. ಕೊಟ್ಟಿಗೆಯ ಅಟ್ಟದ ಮೇಲೆ ಎರಡು ವರ್ಷ ಒಣಗಿದ ಒಂದು ಕೊರಡು ಸರಿಯಾಗಿ 10 ಕಿಲೋ ತೂಗಿತು. ಅದನ್ನೊಂದನ್ನೇ ಉರಿಸಿ, ಮಾರನೆಯ ದಿನ ಒಲೆಯನ್ನು ಗುಡಿಸಿ ಬೂದಿಯನ್ನು ತೂಗಿದರೆ ನೂರು ಗ್ರಾಮಿಗೂ ಕಡಿಮೆ.

"ಹಾಗಾದರೆ ಹೊಗೆಯ ತೂಕ ಒಂಬತ್ತು ಕಿಲೋ ಚಿಲ್ಲರೆ" ಎಂದು ಅವಳು ಲೆಕ್ಕ ಹೇಳಿದಳು.

ತಪ್ಪು. ಹದಿನೆಂಟು ಕಿಲೋ!

ಈ ಲೆಕ್ಕವನ್ನು ದೊಡ್ಡವರೂ ಸ್ವಲ್ಪ ನಿಧಾನವಾಗಿ ಓದಬೇಕು. ಒಣ ಕಟ್ಟಿಗೆಯ ತೂಕದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಇಂಗಾಲ. ಹಳೆಗನ್ನಡದಲ್ಲಿ ಇಂಗಳ ಎಂದರೆ ಕೆಂಡ. ಹೆಸರು ಅಲ್ಲಿಂದಲೇ ಬಂದದ್ದು. ಹತ್ತು ಕಿಲೋ ಕೊರಡಿನಲ್ಲಿ ಸುಮಾರು 5 ಕಿಲೋ ಇಂಗಾಲ ಇದೆ ಎಂದುಕೊಳ್ಳಿ. ಉರಿಯುವಾಗ ಅದರ ಒಂದೊಂದು ಕಣವೂ ಗಾಳಿಯಲ್ಲಿರುವ ಆಮ್ಲಜನಕದ ಎರಡೆರಡು ಕಣಗಳನ್ನು ಕೈಹಿಡಿದು ಕರೆದುಕೊಂಡು ಹೋಗುತ್ತದೆ. ಅದೇ ಇಂಗಾಲದ ಡೈಆಕ್ಸೈಡ್. ಒಂದು ಕಿಲೋ ಇಂಗಾಲಕ್ಕೆ ಎರಡೂವರೆ ಕಿಲೋಗಿಂತ ತುಸು ಹೆಚ್ಚು ಆಮ್ಲಜನಕ ಬಂದು ಸೇರುವುದರಿಂದ 5 ಕಿಲೋ ಇಂಗಾಲ 18 ಕಿಲೋ ಗಾಳಿಯಾಗಿ ಹೊಗೆಗೂಡಿನಿಂದ ಹೊರಗೆ ಹೋಯಿತು. ಕಣ್ಣಿಗೆ ಕಾಣುವ ಹೊಗೆ ಸರಿಯಾಗಿ ಉರಿಯದ ಚೂರುಪಾರು ಅಷ್ಟೇ. ನಿಜವಾದ ಕೊರಡು ಕಾಣದ ಹಾಗೆ ಹೋಗಿಬಿಟ್ಟಿರುತ್ತದೆ.

"ಮತ್ತೆ ಮರಕ್ಕೆ ಆ ಇಂಗಾಲ ಎಲ್ಲಿಂದ ಬಂತು? ಮಣ್ಣಿನಿಂದಲಾ?"

ಇದೇ ಪ್ರಶ್ನೆಯನ್ನು ಸುಮಾರು ನಾನೂರು ವರ್ಷಗಳ ಹಿಂದೆ ಯುರೋಪಿನ ವಾನ್ ಹೆಲ್ಮಾಂಟ್ ಎಂಬಾತ ಕೇಳಿಕೊಂಡಿದ್ದ. ದೊಡ್ಡ ಕುಂಡದಲ್ಲಿ ತೂಗಿ ಇಟ್ಟ ಒಣಮಣ್ಣು ತುಂಬಿ, ಎರಡೂಕಾಲು ಕಿಲೋದ ಒಂದು ವಿಲೋ ಸಸಿ ನೆಟ್ಟು, ಐದು ವರ್ಷ ಬರೀ ನೀರು ಹಾಕಿದ. ಮರ 77 ಕಿಲೋದಷ್ಟಾಯಿತು. ಮಣ್ಣನ್ನು ಮತ್ತೆ ಒಣಗಿಸಿ ತೂಗಿದರೆ ಕಡಿಮೆಯಾದದ್ದು ಐವತ್ತರವತ್ತು ಗ್ರಾಂ! ಹಾಗಾದರೆ ಮರವೆಲ್ಲ ನೀರಿನಿಂದಲೇ ಆದದ್ದು ಎಂದು ಆತ ತೀರ್ಮಾನಿಸಿದ. ಅರ್ಧ ಸರಿ. ಉಳಿದರ್ಧವನ್ನು ಮರ ಗಾಳಿಯಿಂದ ಪಡೆದಿತ್ತು ಎಂಬುದು ಅವನಿಗೆ ಹೊಳೆಯಲಿಲ್ಲ. ಎಲೆ ಬಿಸಿಲು ಕುಡಿದು ಗಾಳಿಯ ಇಂಗಾಲವನ್ನು ಹಿಡಿದು ಕಾಂಡ, ಕೊಂಬೆ, ಬೇರು ಮಾಡಿಕೊಳ್ಳುತ್ತದೆ. ನಾವು ಆ ಗಾಳಿಯನ್ನು ಮತ್ತೆ ಬಿಡಿಸಿದೆವು. ಒಲೆಯಿಂದ ಹೋದದ್ದು ನಾಳೆ ಹಿತ್ತಲಿನ ಬಸಳೆಗೋ ಅಂಗಳದ ಮಾವಿನ ಚಿಗುರಿಗೋ ಸೇರಬಹುದು. ಮರ ಕಡಿದಷ್ಟೇ ಬೆಳೆಯುತ್ತಿದ್ದರೆ ಈ ಗಾಣ ತಿರುಗುತ್ತಲೇ ಇರುತ್ತದೆ, ಲೆಕ್ಕ ಸರಿದೂಗುತ್ತದೆ.

ಲೆಕ್ಕ ತಪ್ಪಿದ್ದು ಬೇರೆ ಕಡೆ. ಬಚ್ಚಲಿನಲ್ಲಿ ಉರಿಯುತ್ತಿದ್ದ ಬಲ್ಬು ತೋರಿಸಿದೆ. ನಮ್ಮ ಕಡೆಯವರಿಗೆ ಕರೆಂಟು ಎಂದರೆ ಜೋಗದ್ದು, ನೀರಿನದು ಎಂಬ ಹೆಮ್ಮೆ. ಈಗ ತಂತಿಗಳೆಲ್ಲ ಒಂದಕ್ಕೊಂದು ಕೂಡಿಕೊಂಡಿವೆ. ರಾಯಚೂರಿನ ಶಕ್ತಿನಗರದಲ್ಲಿ 1985ರಿಂದ ಕಲ್ಲಿದ್ದಲು ಉರಿಸಿ ಮಾಡುವ ಕರೆಂಟೂ ಅದರಲ್ಲಿ ಬೆರೆತಿದೆ. ಅಲ್ಲಿಗೆ ತೆಲಂಗಾಣದ ಸಿಂಗರೇಣಿಯಂಥ ಗಣಿಗಳಿಂದ ರೈಲಿನಲ್ಲಿ ಕಲ್ಲಿದ್ದಲು ಬರುತ್ತದೆ. ಆ ಕಲ್ಲಿದ್ದಲೂ ಒಂದು ಕಾಲದ ಮರವೇ. 25 ಕೋಟಿ ವರ್ಷಗಳಿಗೂ ಹಿಂದೆ, ಡೈನೋಸಾರ್‌ಗಳೂ ಹುಟ್ಟದ ಕಾಲದಲ್ಲಿ ಜೌಗಿನಲ್ಲಿ ಬಿದ್ದ ಮರಗಳು ಪೂರ್ತಿ ಕೊಳೆಯದೆ, ಮೇಲೆ ಮಣ್ಣು ಬಿದ್ದು, ಒತ್ತಿ ಕಪ್ಪುಕಲ್ಲಾದವು.

ಅಡಿಕೆ ಮಾರಿದ ದುಡ್ಡು ಕೈಗೆ ಬರುತ್ತದೆ, ಕೈಯಿಂದ ಹೋಗುತ್ತದೆ; ಅದು ಒಲೆಯ ಕೊರಡಿನ ಲೆಕ್ಕ. ಏಳು ತಲೆಮಾರಿನ ಹಿಂದಿನವರು ಹೂತಿಟ್ಟ ಹಂಡೆಯನ್ನು ಅಗೆದು ತೆಗೆದು ಒಂದೇ ಜಾತ್ರೆಯಲ್ಲಿ ಖರ್ಚು ಮಾಡಿದರೆ ಅದು ಕಲ್ಲಿದ್ದಲು, ಪೆಟ್ರೋಲಿನ ಲೆಕ್ಕ. ಜಗತ್ತಿನಲ್ಲಿ ಈಗ ವರ್ಷಕ್ಕೆ ಹೀಗೆ ಹೊರಬೀಳುವ ಇಂಗಾಲದ ಡೈಆಕ್ಸೈಡ್ ಸುಮಾರು 3700 ಕೋಟಿ ಟನ್. ಅದರಲ್ಲಿ ನಾಲ್ಕನೇ ಒಂದು ಪಾಲನ್ನು ಕಡಲು ನುಂಗುತ್ತದೆ, ಅದಕ್ಕಿಂತ ತುಸು ಹೆಚ್ಚನ್ನು ಕಾಡು, ಮಣ್ಣು ಹಿಡಿದುಕೊಳ್ಳುತ್ತವೆ. ಕಡಲು ನುಂಗಿದ್ದೂ ಪುಕ್ಕಟೆಯಲ್ಲ. ನೀರಿನ ಹುಳಿ ಏರಿದಂತೆ ನಮ್ಮ ಅಘನಾಶಿನಿ ಅಳಿವೆಯ ಬಳಚಿನಂಥ ಚಿಪ್ಪುಜೀವಿಗಳಿಗೆ ಚಿಪ್ಪು ಕಟ್ಟಿಕೊಳ್ಳುವುದೇ ಕಷ್ಟವಾಗುತ್ತದೆ. ಉಳಿದ ಅರ್ಧದಷ್ಟು ಗಾಳಿಯಲ್ಲೇ ನಿಲ್ಲುತ್ತದೆ.

ಇದನ್ನು ಅಳೆದವರಿದ್ದಾರೆ. ಅಮೆರಿಕದ ಚಾರ್ಲ್ಸ್ ಕೀಲಿಂಗ್ ಎಂಬ ವಿಜ್ಞಾನಿ 1958ರಲ್ಲಿ ಹವಾಯಿ ದ್ವೀಪದ ಮೌನಾ ಲೋವಾ ಬೆಟ್ಟದ ಮೇಲೆ ಯಂತ್ರ ಇಟ್ಟು ಗಾಳಿ ಅಳೆಯಲು ಶುರುಮಾಡಿದರು. ಅವರು ತೀರಿಕೊಂಡ ಮೇಲೂ ಆ ಅಳತೆ ನಡೆಯುತ್ತಲೇ ಇದೆ. ಅವರ ರೇಖೆ ಗರಗಸದ ಹಲ್ಲಿನಂತೆ ವರ್ಷಕ್ಕೊಮ್ಮೆ ಇಳಿದು ಏರುತ್ತದೆ. ಭೂಮಿಯ ಉತ್ತರಾರ್ಧದ ಕಾಡುಗಳೆಲ್ಲ ಚಿಗುರಿ ಬೆಳೆಯುವ ತಿಂಗಳುಗಳಲ್ಲಿ ಇಳಿತ, ಎಲೆ ಉದುರಿಸಿ ಸುಮ್ಮನಿರುವ ತಿಂಗಳುಗಳಲ್ಲಿ ಏರಿಕೆ. ಭೂಮಿ ಉಸಿರಾಡುವುದನ್ನು ಕಾಗದದ ಮೇಲೆ ಬರೆದ ಹಾಗೆ. ವರ್ಷದಲ್ಲಿ ಅತಿ ಹೆಚ್ಚು ಇರುವುದು ಮೇ ತಿಂಗಳಲ್ಲಿ, ಅಂದರೆ ನನ್ನ ಮೊಮ್ಮಗಳ ರಜೆಯಲ್ಲಿ! ಆದರೆ ಪ್ರತಿವರ್ಷದ ಹಲ್ಲು ಹಿಂದಿನ ವರ್ಷದ ಹಲ್ಲಿಗಿಂತ ಎತ್ತರ. ಕೀಲಿಂಗ್ ಶುರುಮಾಡಿದಾಗ ಗಾಳಿಯ ಹತ್ತು ಲಕ್ಷ ಕಣಗಳಲ್ಲಿ ಇಂಗಾಲದ ಡೈಆಕ್ಸೈಡಿನವು ಸುಮಾರು 315. 2024ರ ಸರಾಸರಿ 424 ದಾಟಿತ್ತು. ಉಗಿಯಂತ್ರಗಳು ಬರುವ ಮೊದಲು ಇದ್ದದ್ದು 280 ಮಾತ್ರ.

"ಹತ್ತು ಲಕ್ಷದಲ್ಲಿ ನಾನೂರಾ? ಇಷ್ಟು ಚೂರಿನಿಂದ ಏನಾಗುತ್ತದೆ?"

ಸಾರಿನ ಪಾತ್ರೆಗೆ ಹಾಕುವ ಇಂಗು ಎಷ್ಟಿರುತ್ತದೆ ಎಂದು ಅವಳ ಅಜ್ಜಿ ಒಳಗಿನಿಂದಲೇ ಕೇಳಿದಳು. ಒಳ್ಳೆಯ ಉತ್ತರ, ನನ್ನದಲ್ಲ ಎಂಬುದಷ್ಟೇ ಬೇಸರ. ಈ ಅನಿಲವೂ ನೀರಾವಿಯೂ ಭೂಮಿ ಹೊದೆದ ಕಂಬಳಿಯಿದ್ದಂತೆ. ಕಂಬಳಿಯೇ ಇಲ್ಲದಿದ್ದರೆ ಭೂಮಿಯ ಸರಾಸರಿ ಉಷ್ಣತೆ ಈಗಿನದಕ್ಕಿಂತ 33 ಡಿಗ್ರಿ ಕಡಿಮೆಯಿದ್ದು ಎಲ್ಲವೂ ಹೆಪ್ಪುಗಟ್ಟುತ್ತಿತ್ತು. ಕಂಬಳಿ ಬೇಕು. ದಪ್ಪವಾಗುತ್ತ ಹೋಗುವುದೇ ತೊಂದರೆ.

ಇಷ್ಟೆಲ್ಲ ಹೇಳಿ, ಪಾಠ ಚೆನ್ನಾಗಿ ಆಯಿತು ಎಂಬ ಖುಷಿಯಲ್ಲಿ ನಾನು ತಿಂಡಿಗೆ ಏಳುವಷ್ಟರಲ್ಲಿ ಫೋನು ಬಂತು. ಜೆಸಿಬಿಯವನು. "ಶನಿವಾರ ಬರ್ತೆ. ಜಡ್ಡಿಗೆ ದಾರಿ ಮಾಡಿ ಇಡಿ" ಎಂದ.

ಆ ವಿಷಯ ಹೇಳಬೇಕು. ನಮ್ಮ ಮನೆಗೆ ನೀರು ಅಬ್ಬಿಯದು. ಮೇಲಿನ ಬೆಟ್ಟದ ಬುಡದಿಂದ ಅಡಿಕೆ ದಂಬೆಯಲ್ಲಿ ಹರಿದು ಬಂದು ಅಂಗಳದ ಮೂಲೆಯ ಕಲ್ಲುಮರಿಗೆಗೆ ಬೀಳುತ್ತಿತ್ತು. ಈಗ ದಂಬೆ ಹೋಗಿ ಕಪ್ಪು ಪೈಪು ಬಂದಿದೆ. ನಾನು ಹುಡುಗನಾಗಿದ್ದಾಗ ಅಬ್ಬಿ ನಿಂತದ್ದೆಂಬುದೇ ಇರಲಿಲ್ಲ. ರಾತ್ರಿ ನಿದ್ದೆ ಬರದಿದ್ದರೆ ಆ ಸದ್ದು ಕೇಳುತ್ತ ಮಲಗುತ್ತಿದ್ದೆವು. ಆಮೇಲೆ ಯಾವಾಗಲೋ ಮೇ ಕೊನೆಗೆ ನಿಲ್ಲತೊಡಗಿತು. ಮತ್ತೆ ಮೇ ಮೊದಲಿಗೆ. ಈಗ ಯುಗಾದಿ ಕಳೆದು ಕೆಲವು ದಿನಕ್ಕೆ ನಿಂತೇಬಿಡುತ್ತದೆ. ಅಬ್ಬಿಯ ಮೂಲ ಇರುವುದು ತೋಟದ ತಲೆಯಲ್ಲಿ ಉಳಿದಿರುವ ಹತ್ತು ಗುಂಟೆ ರಾಂಪತ್ರೆ ಜಡ್ಡಿಯಲ್ಲಿ. ಅಲ್ಲಿ ಬಿರುಬೇಸಿಗೆಯಲ್ಲೂ ಕೆಸರು ಒದ್ದೆಯೇ. ಅಲ್ಲಿಯೇ ಅಗೆದು ದೊಡ್ಡ ಹೊಂಡ ಮಾಡಿದರೆ ತೋಟಕ್ಕೆ ನೀರಾಗುತ್ತದೆ ಎಂಬುದು ನನ್ನ ಯೋಜನೆ. ಮಗನಿಗೂ ಒಪ್ಪಿಗೆಯಾಗಿತ್ತು.

ಮೊಮ್ಮಗಳು ಜಡ್ಡಿ ನೋಡಿರಲಿಲ್ಲ. ಅಗೆಯುವ ಮೊದಲು ತೋರಿಸೋಣವೆಂದು ಸಂಜೆ ಕರೆದುಕೊಂಡು ಹೋದೆ.

ತೋಟದ ಕೊನೆಯ ಸಾಲು ದಾಟಿ ಹತ್ತು ಹೆಜ್ಜೆ ಇಟ್ಟರೆ ಹೊರಗಿನ ಬಿಸಿಲು ಮಾಯ. ಮರಗಳೆಲ್ಲ ನೆಟ್ಟಗೆ ಮೇಲೆ ಹೋಗಿ ತಲೆ ಕೂಡಿಸಿಕೊಂಡಿವೆ. ಕಾಲಡಿ ಕೆಸರು, ಕೆಸರಿನಿಂದ ಮಡಿಸಿದ ಮೊಣಕಾಲಿನ ಹಾಗೆ ಮೇಲೆದ್ದು ಮತ್ತೆ ಕೆಳಗಿಳಿದ ನೂರಾರು ಬೇರುಗಳು. ಕೆಲವು ಮರಗಳಂತೂ ಊರುಗೋಲಿನಂಥ ಬೇರುಗಳ ಮೇಲೆ ನಿಂತಿವೆ. ಕೆಸರಿನಲ್ಲಿ ಬೇರಿಗೆ ಉಸಿರಾಡಲು ಗಾಳಿ ಸಿಗುವುದಿಲ್ಲವಲ್ಲ, ಅದಕ್ಕೆ ಮೂಗು ಹೊರಗೆ ಹಾಕಿದ ಹಾಗೆ ಈ ಏರ್ಪಾಡು. ರಾಂಪತ್ರೆ, ಪಿಂಡಿ ಮುಂತಾದ ಈ ಮರಗಳು ಜಾಯಿಕಾಯಿಯ ಬಳಗದವು. ಹೂ ಬಿಡುವ ಗಿಡಗಳಲ್ಲಿ ತೀರಾ ಹಳೆಯ ಮನೆತನ. ಇಂಥ ಜಡ್ಡಿಗಳ ವಿಷಯ ಸಸ್ಯಶಾಸ್ತ್ರಜ್ಞರು ಮೊದಲು ಬರೆದದ್ದು 1960ರಲ್ಲಿ, ತಿರುವಾಂಕೂರಿನ ಕಡೆಯವುಗಳನ್ನು ನೋಡಿ. ನಮ್ಮ ಸಿದ್ದಾಪುರ ತಾಲೂಕಿನ ಕತ್ತಲೆಕಾನಿನ ಜಡ್ಡಿಯಲ್ಲಂತೂ 2000ನೇ ಇಸವಿಯಲ್ಲಿ ಜಗತ್ತಿಗೇ ಹೊಸದಾದ ಒಂದು ಮರದ ಜಾತಿ ಸಿಕ್ಕಿತು. ಗೇರಿನ ಕುಟುಂಬದ ಆ ಮರಕ್ಕೆ ವಿಜ್ಞಾನಿಗಳು ಕತ್ತಲೆಕಾನಿನ ಹೆಸರನ್ನೇ ಇಟ್ಟಿದ್ದಾರೆ. ಈಗ ಉಳಿದಿರುವುದು ಕೈಬೆರಳೆಣಿಕೆಯ ಜಡ್ಡಿಗಳಲ್ಲಿ, ಸ್ವಲ್ಪವೇ ಸ್ವಲ್ಪ. ಸಿಂಗಳೀಕಗಳೂ ಇರುವ ಕಾಡು ಅದು.

"ಕೆಸರು ಯಾಕೆ ಇಷ್ಟು ಕಪ್ಪು?" ಎಂದಳು, ಒಂದು ಮುದ್ದೆ ಕೈಗೆತ್ತಿಕೊಂಡು.

ಉತ್ತರ ಹೇಳಲು ಬಾಯಿ ತೆರೆದವನು ಅಲ್ಲೇ ನಿಂತೆ. ಬಿದ್ದ ಎಲೆ, ಕೊಂಬೆ ನೀರಿನಡಿ ಮುಳುಗಿದರೆ ಅಲ್ಲಿ ಆಮ್ಲಜನಕ ಕಡಿಮೆ. ಕೊಳೆಸುವ ಸೂಕ್ಷ್ಮಜೀವಿಗಳ ಕೆಲಸ ನಿಧಾನ. ಇಂಗಾಲ ಗಾಳಿಗೆ ಹೋಗದೆ ಮಣ್ಣಿನಲ್ಲೇ ಉಳಿದು ಕಪ್ಪಾಗುತ್ತದೆ. ಬೆಳಿಗ್ಗೆ ಕಲ್ಲಿದ್ದಲಿನ ಕತೆಯಲ್ಲಿ ನಾನೇ ಹೇಳಿದ್ದು ಅದನ್ನೇ ಅಲ್ಲವೇ? ಅವಳ ಅಂಗೈಯಲ್ಲಿದ್ದದ್ದು ಆ ಕತೆಯ ಮೊದಲ ಪುಟ.

ನನಗೆ ಆಗ ನೆನಪಾದದ್ದು 1964. ನನಗೆ ಹತ್ತು ವರ್ಷ. ಈಗ ನಮ್ಮ ಕೆಳತೋಟ ಇರುವಲ್ಲೆಲ್ಲ ಆಗ ಜಡ್ಡಿಯೇ. ನಮ್ಮ ಕಡೆ ಎಷ್ಟೋ ಅಡಿಕೆ ತೋಟಗಳು ಹುಟ್ಟಿದ್ದು ಹೀಗೆಯೇ: ತಗ್ಗು, ನೀರು, ಕಪ್ಪು ಮಣ್ಣು; ಅಡಿಕೆಗೆ ಇನ್ನೇನು ಬೇಕು? ಅಪ್ಪಯ್ಯ ಆಳುಗಳ ಜೊತೆ ಮರ ಕಡಿಸಿದರು. ರಾಂಪತ್ರೆ ಜಾತಿಯ ಮರಕ್ಕೆ ಕೊಡಲಿ ಬಿದ್ದರೆ ಕೆಂಪು ರಸ ಒಸರುತ್ತದೆ, ಥೇಟ್ ರಕ್ತದ ಹಾಗೆ. ನಾನು ಹೆದರಿ ಓಡಿ ಮನೆ ಸೇರಿದ್ದು ನೆನಪಿದೆ. ಆಮೇಲೆ ಬಸಿಗಾಲುವೆ ತೋಡಿ ನೀರು ಇಳಿಸಿದರು, ಅಡಿಕೆ ಸಸಿ ನೆಟ್ಟರು.

ಅಪ್ಪಯ್ಯನನ್ನು ದೂರುತ್ತಿಲ್ಲ. ಮನೆಯಲ್ಲಿ ಹದಿಮೂರು ಜನ, ಇದ್ದದ್ದು ಅರ್ಧ ಎಕರೆ ತೋಟ. ನಾನು ಓದಿ ಮಾಸ್ತರನಾದದ್ದು ಅದೇ ಕೆಳತೋಟದ ದುಡ್ಡಿನಲ್ಲಿ. ಮೊದಮೊದಲು ಅದಕ್ಕೆ ಗೊಬ್ಬರವೇ ಬೇಡವಾಗಿತ್ತು, ಗೊನೆಗಳು ಮರ ಬಗ್ಗುವ ಹಾಗೆ ತೂಗುತ್ತಿದ್ದವು. "ಜಡ್ಡಿಯ ಮಣ್ಣು ಬಂಗಾರ" ಎಂದು ಊರವರೆಲ್ಲ ಹೇಳುತ್ತಿದ್ದರು. ಹದಿನೈದಿಪ್ಪತ್ತು ವರ್ಷಗಳಲ್ಲಿ ಮಣ್ಣು ಬಣ್ಣ ಬಿಟ್ಟಿತು. ಕಾರಣ ಈಗ ಗೊತ್ತು. ನೀರು ಬಸಿದ ಕೂಡಲೇ ಕೆಸರಿಗೆ ಗಾಳಿ ಹೊಕ್ಕು, ಎಷ್ಟೋ ಕಾಲದ ಎಲೆ ಕೊಳೆಯಲು ಶುರುವಾಗಿ, ಅದರ ಸತ್ವ ಅಡಿಕೆಗೂ ಇಂಗಾಲ ಗಾಳಿಗೂ ಹೋಯಿತು. ಬೆಂಕಿಯಿಲ್ಲದ ಒಲೆ ಅದು. ನಿಧಾನವಾಗಿ ಉರಿಯುತ್ತಿತ್ತು, ಹೊಗೆ ಕಾಣುತ್ತಿರಲಿಲ್ಲ ಅಷ್ಟೇ. ಅಬ್ಬಿ ಮೊದಲ ಸಲ ನಿಂತದ್ದೂ ಅದಾದ ಮೇಲೆಯೇ.

ಇಲ್ಲೊಂದು ಮಾತು. ಈಗೀಗ ಏನೇ ಆದರೂ "ಹವಾಮಾನ ಬದಲಾವಣೆ" ಎಂದು ಕೈತೊಳೆದುಕೊಳ್ಳುವ ಅಭ್ಯಾಸ ನಮಗೆಲ್ಲ ಬಂದಿದೆ. ನಮ್ಮ ಅಬ್ಬಿ ಬತ್ತಿದ್ದರಲ್ಲಿ ದೊಡ್ಡ ಪಾಲು ನಮ್ಮ ಗುದ್ದಲಿಯದು. ಆದರೆ ಮಳೆ ಕೆಟ್ಟದ್ದೂ ಸುಳ್ಳಲ್ಲ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಶೇಕಡಾ 7ರಷ್ಟು ಹೆಚ್ಚು ನೀರಾವಿ ಹಿಡಿದುಕೊಳ್ಳಬಲ್ಲದು. ಹಿಡಿದದ್ದನ್ನು ಒಮ್ಮೆಲೇ ಸುರಿಯುತ್ತದೆ, ಇಲ್ಲವೇ ಸುರಿಯುವುದೇ ಇಲ್ಲ. ಆರಿದ್ರೆ, ಪುನರ್ವಸು, ಪುಷ್ಯ ಎಂದು ನಕ್ಷತ್ರ ಹಿಡಿದು ಮಳೆ ಎಣಿಸುತ್ತಿದ್ದ ನನ್ನ ವಯಸ್ಸಿನವರು ಎರಡು ಆಗಸ್ಟುಗಳನ್ನು ನೆನಪಿಸಿಕೊಳ್ಳಿ. 2019ರ ಆಗಸ್ಟಿನಲ್ಲಿ ಆಶ್ಲೇಷ ಮಳೆ ಹೊಳೆಗಳನ್ನೆಲ್ಲ ಊರೊಳಗೆ ತಂದಿತ್ತು; ತೋಟದಲ್ಲಿ ಕೊಳೆರೋಗಕ್ಕೆ ಬೋರ್ಡೋ ಹೊಡೆಯಲು ಎರಡು ದಿನದ ಬಿಡುವು ಸಿಗಲಿಲ್ಲ. ನಾಲ್ಕೇ ವರ್ಷದ ಮೇಲೆ, 2023ರ ಆಗಸ್ಟು, 1901ರಿಂದ ಈಚೆಗೆ ದೇಶದಲ್ಲೇ ಅತಿ ಒಣ ಆಗಸ್ಟು ಎನಿಸಿಕೊಂಡಿತು. ಸೋನೆಮಳೆಯಾದರೆ ಮಣ್ಣು ಕುಡಿಯುತ್ತದೆ. ಸುರಿಮಳೆಯನ್ನು ಕುಡಿಯಲು ಅದಕ್ಕೆ ಪುರುಸೊತ್ತಿಲ್ಲ. ಓಡಿ ಹೊಳೆ ಸೇರುತ್ತದೆ. ಅಂಥ ನೀರನ್ನು ತಡೆದು, ಹಿಂಡಿದ ಹಾಗೆ ಸ್ವಲ್ಪಸ್ವಲ್ಪವೇ ಬಿಡುವ ದಪ್ಪ ಬಟ್ಟೆಯೆಂದರೆ ಈ ಜಡ್ಡಿ. ದೂರದ ಚಿಮಣಿಗಳ ಹೊಗೆ ಮಳೆಯನ್ನು ಕೆಡಿಸಿತು, ಕೆಟ್ಟ ಮಳೆಯನ್ನೂ ಸುಧಾರಿಸಿಕೊಳ್ಳಬಲ್ಲ ಬಟ್ಟೆಯನ್ನು ನಾವು ಹರಿದೆವು. ಎರಡೂ ಸೇರಿ ನಮ್ಮ ಅಂಗಳದ ಪೈಪಿನ ಬಾಯಿಗೆ ಬಂದು ನಿಂತಿವೆ.

"ಅಜ್ಜ, ಇಲ್ಲಿ ಹೊಂಡ ತೋಡಿದರೆ ಈ ಕೆಸರು ಏನಾಗುತ್ತದೆ?"

"ಮೇಲೆತ್ತಿ ದಡಕ್ಕೆ ಹಾಕುತ್ತಾರೆ."

"ಒಣಗುತ್ತದಾ?"

"ಒಣಗುತ್ತದೆ."

ಅವಳು ಮತ್ತೇನೂ ಕೇಳಲಿಲ್ಲ. ಕೈಯಲ್ಲಿದ್ದ ಮುದ್ದೆಯನ್ನು ಬಾಗಿ ಮೊದಲಿದ್ದಲ್ಲಿಯೇ ಇಟ್ಟಳು. ಮೇಲೆಲ್ಲೋ ಮಂಗಟ್ಟೆ ಹಕ್ಕಿ ಹಾರಿದ ಸದ್ದಾಯಿತು. ಅದರ ರೆಕ್ಕೆಯ ಸದ್ದು ಕೇಳಿದವರಿಗೆ ಗೊತ್ತು, ಯಾರೋ ಗರಗಸ ಎಳೆದ ಹಾಗೆ. ರಾಂಪತ್ರೆ ಬೀಜವನ್ನು ನುಂಗಿ ದೂರ ಒಯ್ದು ಹಾಕುವುದು ಇಂಥ ಹಕ್ಕಿಗಳೇ. ಈ ಬೀಜಕ್ಕೆ ಒಂದು ಚಾಳಿ ಇದೆ. ಭತ್ತದ ಹಾಗೆ ಒಣಗಿಸಿ ಕಣಜದಲ್ಲಿಟ್ಟು ಬೇಕಾದಾಗ ಬಿತ್ತುತ್ತೇನೆಂದರೆ ಆಗದು, ಒಣಗಿದರೆ ಸತ್ತೇಹೋಗುತ್ತದೆ. ಒದ್ದೆ ನೆಲಕ್ಕೆ ಬಿದ್ದು ಕೂಡಲೇ ಮೊಳೆಯಬೇಕು. ಜಡ್ಡಿ ಒಮ್ಮೆ ಒಣಗಿದರೆ ಮತ್ತೆ ಹುಟ್ಟಿಸುವುದು ಅದಕ್ಕೇ ಅಷ್ಟು ಕಷ್ಟ.

ಆ ರಾತ್ರಿ ಜೆಸಿಬಿಯವನಿಗೆ ಫೋನು ಮಾಡಿ ಜಾಗ ಬದಲಾಗಿದೆ ಎಂದೆ. ಹೊಂಡ ಕೆಳತೋಟದ ತಗ್ಗಿನ ಮೂಲೆಯಲ್ಲಿ, ಮಳೆನೀರು ಹಿಡಿಯುವುದಕ್ಕೆ. ಫಲ ಬಿಡುತ್ತಿರುವ ಮೂವತ್ತೆರಡು ಅಡಿಕೆ ಮರ ತೆಗೆಯಬೇಕಾಯಿತು. ಮಗ ಫೋನಿನಲ್ಲಿ ಕ್ವಿಂಟಾಲಿನ ಇವತ್ತಿನ ದರ ಹೇಳಿ ಸುಮ್ಮನಾದ. ನನ್ನ ಹೆಂಡತಿ ಎರಡು ದಿನ ಮಾತಾಡಲಿಲ್ಲ; ಅದರಲ್ಲಿ ಹನ್ನೆರಡು ಮರ ಅವಳು ಮದುವೆಯಾಗಿ ಬಂದ ವರ್ಷ ನೆಟ್ಟದ್ದಾಗಿತ್ತು. ಅವು ಬೀಳುವಾಗ ನಾನೂ ಅಲ್ಲಿ ನಿಲ್ಲಲಿಲ್ಲ.

ಬಸಿಗಾಲುವೆಯಲ್ಲಿ ಜಡ್ಡಿಗೆ ತಾಗಿದ ಭಾಗಕ್ಕೆ ಕಲ್ಲು, ಮಣ್ಣು ಹಾಕಿ ಮುಚ್ಚಿದೆವು. ಜಡ್ಡಿಯಲ್ಲಿ ಒತ್ತೊತ್ತಾಗಿ ಮೊಳೆತಿದ್ದ ರಾಂಪತ್ರೆ ಸಸಿಗಳಲ್ಲಿ ಹದಿನಾಲ್ಕನ್ನು ಮಣ್ಣುಸಮೇತ ಎಬ್ಬಿಸಿ, ತೋಟದ ಮೇಲಿನ ಒದ್ದೆ ಅಂಚಿಗೆ ನೆಟ್ಟೆವು. ಮಳೆಗಾಲ ಕಳೆದ ಮೇಲೆ ಎಣಿಸಿದರೆ ಒಂಬತ್ತು ಇದ್ದವು. ಇದರಿಂದ ಅಬ್ಬಿ ಮೊದಲಿನ ಹಾಗೆ ಆಗುತ್ತದೆಯೇ ಎಂದು ನೀವು ಕೇಳಬಹುದು. ಮರ ದೊಡ್ಡದಾಗುವುದನ್ನು ನೋಡಲು ನಾನಂತೂ ಇರುವುದಿಲ್ಲ.

ಊರಿಗೆ ಹೊರಡುವ ದಿನ ಮೊಮ್ಮಗಳು ಅಂಗಳದ ಪೈಪಿನ ಪಕ್ಕದ ಗೋಡೆಯ ಮೇಲೆ ಇದ್ದಿಲಿನಿಂದ ಒಂದು ಪಟ್ಟಿ ಎಳೆದಳು. ಒಂದು ಕಡೆ ವರ್ಷ, ಇನ್ನೊಂದು ಕಡೆ ಅಬ್ಬಿ ನಿಂತ ದಿನ. ನನ್ನನ್ನು ಕೇಳಿ ಆ ವರ್ಷದ್ದನ್ನು ಬರೆದಳು: ಏಪ್ರಿಲ್ 9. ಕೆಳಗೆ ಹತ್ತು ಸಾಲು ಖಾಲಿ ಬಿಟ್ಟಿದ್ದಾಳೆ. ನಿಂತ ದಿನವೇ ಫೋನು ಮಾಡಬೇಕು, ಮರೆತು ಮಾರನೆಯ ದಿನ ಮಾಡಿದರೆ ಲೆಕ್ಕ ತಪ್ಪುತ್ತದೆ ಎಂದು ಕಟ್ಟಪ್ಪಣೆಯಾಗಿದೆ. ಅಜ್ಜಿಗೂ ಹೇಳಿ ಹೋಗಿದ್ದಾಳೆ, ನನ್ನ ಮರೆವು ಗೊತ್ತಿದ್ದರಿಂದ.

ಯುಗಾದಿ ಹತ್ತಿರ ಬರುತ್ತಿದೆ. ಈಗ ಬೆಳಿಗ್ಗೆ ಎದ್ದ ಕೂಡಲೇ ನಾನು ಮೊದಲು ನೋಡುವುದು ಪೈಪಿನ ಬಾಯಿ. ಇವತ್ತು ಕಿರುಬೆರಳಿನಷ್ಟು ದಪ್ಪ ಬೀಳುತ್ತಿದೆ.